ಪರಸಿಕಲ್ಲಿನ ಮನೆಗೆ ಎಂಥ ಕಂಪ್ಯೂಟರ್?

ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ಮನೆ ಕಟ್ಟುವವರು ಕಲ್ಲಿಗಾಗಿ ದೂರ ಹೋಗಬೇಕಾಗಿಲ್ಲ. ಸುಣ್ಣಕಲ್ಲು ಇಲ್ಲಿ ಹೊತ್ತಿಗೆಯ ಹಾಳೆಗಳ ಹಾಗೆ ಪದರಪದರವಾಗಿ ನೆಲದಡಿ ಮಲಗಿದೆ. ಎಬ್ಬಿಸಿದರೆ ಸಪಾಟಾದ ಚಪ್ಪಡಿ. ಹೊರಗಿನವರಿಗೆ ಅದು ಶಹಾಬಾದ್ ಕಲ್ಲು, ಈ ಭಾಗದವರ ಬಾಯಲ್ಲಿ ಪರಸಿ. ನೆಲಕ್ಕೆ ಪರಸಿ, ಅಡುಗೆ ಕಟ್ಟೆಗೆ ಪರಸಿ, ಗೋಡೆಯ ಮಾಡದೊಳಗೆ ಅಡ್ಡ ಹಲಗೆಗೂ ಪರಸಿ. ಹಳೆಯ ಮನೆಗಳಲ್ಲಿ ಮಾಳಿಗೆಯೂ ಅದರದೇ. ಅದೇ ಕಲ್ಲನ್ನು ಅರೆದು ಸುಟ್ಟರೆ ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಿಂದ ಹೊರಬೀಳುವ ಸಿಮೆಂಟು. ಹೊಸ ಮನೆಗಳು ಸಿಮೆಂಟಿನವು, ಹಳೆಯವು ಕಲ್ಲಿನವು. ಎರಡರಲ್ಲೂ ಬೇಸಿಗೆಯ ಬಿಸಿಲು ಒಂದೇ.

ಇಂಥ ಮನೆಯಲ್ಲಿ ಕಂಪ್ಯೂಟರನ್ನು ಎಲ್ಲಿಡಬೇಕು? ಕೇಳಲು ಸಣ್ಣ ಪ್ರಶ್ನೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಪಡಸಾಲೆಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಅಲಮಾರಿ, ಗೋಡೆಗೆ ಟೀವಿ, ತೊಗರಿ ರಾಶಿಯಾದ ತಿಂಗಳಲ್ಲಿ ಮೂಲೆಯಲ್ಲಿ ನಾಲ್ಕಾರು ಚೀಲ. ಊಟ, ಓದು, ಬರಹ, ಬೀಗರೊಡನೆ ಮಾತು ಎಲ್ಲವೂ ಚಾಪೆಯ ಮೇಲೆ. ಕಂಪ್ಯೂಟರು ಮಾತ್ರ ಹುಟ್ಟಿದಂದಿನಿಂದ ಕಚೇರಿಯ ಸಾಮಾನು. ಅದಕ್ಕೆ ಮೇಜು ಬೇಕು, ಕುರ್ಚಿ ಬೇಕು, ಮೇಜಿನ ಕೆಳಗೆ ಡಬ್ಬಿ ನಿಲ್ಲಿಸಲು ಜಾಗ ಬೇಕು, ಪಕ್ಕದಲ್ಲಿ ಯುಪಿಎಸ್ ಬೇಕು. ಮನೆಯನ್ನು ಅದಕ್ಕೆ ಒಗ್ಗಿಸಬೇಕೇ ಅಥವಾ ಅದನ್ನು ಮನೆಗೆ ಒಗ್ಗಿಸಬೇಕೇ ಎಂಬ ಪ್ರಶ್ನೆಯನ್ನು ತಯಾರಕರು ಬಹಳ ಕಾಲ ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ.

ಈಗ ಆ ಪ್ರಶ್ನೆ ಮತ್ತೆ ಎದ್ದಿರುವುದಕ್ಕೆ ಕಾರಣ ‘ಕಿಯೋ’. ರಾಜ್ಯದ ಐಟಿ-ಬಿಟಿ ಇಲಾಖೆ ಮತ್ತು ಕಿಯೋನಿಕ್ಸ್ ಸೇರಿ ರೂಪಿಸಿದ ಈ ಚಿಕ್ಕ ಕಂಪ್ಯೂಟರನ್ನು 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮಿಟ್‌ನಲ್ಲಿ ಅನಾವರಣಗೊಳಿಸಲಾಯಿತು. ಜ್ಞಾನ, ಮಿತವ್ಯಯ, ಮುಕ್ತ ತಂತ್ರಾಂಶ ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹೆಸರು ಬಂದಿದೆ. ಅನಾವರಣದ ವೇಳೆ ಇಲಾಖೆಯ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ 2013, 2018, 2023ರಲ್ಲಿ ಚಿತ್ತಾಪುರದಿಂದಲೇ ವಿಧಾನಸಭೆಗೆ ಆಯ್ಕೆಯಾದವರು. ಹಾಗಾಗಿ ಈ ಪೆಟ್ಟಿಗೆಯನ್ನು ಬೆಂಗಳೂರಿನ ಪ್ರದರ್ಶನ ಮಳಿಗೆಯಲ್ಲಿಟ್ಟು ನೋಡುವುದಕ್ಕಿಂತ ಚಿತ್ತಾಪುರ ಸುತ್ತಲಿನ ಪಡಸಾಲೆಯಲ್ಲಿಟ್ಟು ನೋಡುವುದೇ ನ್ಯಾಯ.

ಪೆಟ್ಟಿಗೆಯೊಳಗೆ ಏನಿದೆ? ರಿಸ್ಕ್-ಫೈವ್ ಮಾದರಿಯ ಪ್ರೊಸೆಸರ್, ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ, 4ಜಿ, ವೈಫೈ ಮತ್ತು ತಂತಿಯ ಮೂಲಕ ಇಂಟರ್‌ನೆಟ್ ಸಂಪರ್ಕ, ಯುಎಸ್‌ಬಿ ಮತ್ತು ಎಚ್‌ಡಿಎಂಐ ಕಿಂಡಿಗಳು. ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರವನ್ನು ಯಂತ್ರದೊಳಗೇ ಮಾಡುವ ಒಂದು ಭಾಗವೂ ಇದೆ. ರಾಜ್ಯದ ಡಿಎಸ್‌ಇಆರ್‌ಟಿ ಪಠ್ಯಕ್ರಮವನ್ನು ಉಣಿಸಿ ತಯಾರಿಸಿದ ‘ಬುದ್ಧ್’ ಎಂಬ ಬೋಧನಾ ಸಹಾಯಕ ಅದರಲ್ಲಿ ಅಡಕವಾಗಿದೆ. ಅನಾವರಣದ ವೇಳೆ ಪ್ರಕಟಿಸಿದ ಬೆಲೆ 18,999 ರೂಪಾಯಿ. ನೋಡಲು ಪುಟ್ಟ ಡಬ್ಬಿ. ಅದರ ಮುಂದೆ ಕೂತು ಕೆಲಸ ಮಾಡಲು ಒಂದು ಪರದೆ, ಕೀಲಿಮಣೆ, ಮೌಸ್ ಬೇಕು.

ಟೀವಿ ಮೊದಲು ಬಂದ ಊರುಗಳು

ಪರದೆ ಎಂದಾಗ ಈ ಸೀಮೆಯ ಒಂದು ಹಳೆಯ ಹೆಗ್ಗಳಿಕೆಯನ್ನು ಹೇಳಲೇಬೇಕು. ಹೊಸ ಪೀಳಿಗೆಯವರಲ್ಲಿ ಬಹಳ ಮಂದಿಗೆ ಅದು ಗೊತ್ತಿಲ್ಲ. ಬೆಂಗಳೂರಿಗಿಂತ ಮೊದಲೇ ಗುಲಬರ್ಗಾ ಜಿಲ್ಲೆಯ ಹಳ್ಳಿಗಳು ಟೀವಿ ಕಂಡಿದ್ದವು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಭಾರತ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಆಕಾಶದಿಂದ ಪಾಠ. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿಕೊಂಡ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ, ರಾಯಚೂರು. ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಮೇಲೆ ತಂತಿ ಬಲೆಯ ಹತ್ತಡಿ ತಟ್ಟೆ, ಒಳಗೆ ಒಂದು ಟೀವಿ, ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರವೇ ಆರಂಭವಾಯಿತು. ರಾಜಧಾನಿಯ ಸರದಿ ಬಂದದ್ದು ಆಮೇಲೆ.

ಆ ಟೀವಿ ಊರಿನದಾಗಿತ್ತು, ಯಾರ ಮನೆಯದೂ ಅಲ್ಲ. ಅದು ಹೇಳುತ್ತಿತ್ತು, ಊರು ಕೇಳುತ್ತಿತ್ತು. ಅದಕ್ಕೆ ತಿರುಗಿ ಏನನ್ನಾದರೂ ಹೇಳುವ ದಾರಿ ಇರಲಿಲ್ಲ. ನಲವತ್ತೈದು ವರ್ಷಗಳ ಬಳಿಕ, 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಮಕ್ಕಳಿಗೆ ಸಿಕ್ಕಿದ್ದು ಮತ್ತೆ ಟೀವಿಯೇ. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ಗುಡಿಕಟ್ಟೆ, ಮರದ ನೆರಳುಗಳಲ್ಲಿ ‘ವಿದ್ಯಾಗಮ’ ನಡೆಯಿತು. ಅಪ್ಪನ ಮೊಬೈಲು ಸಂಜೆ ಅಪ್ಪ ಮನೆಗೆ ಬಂದ ಮೇಲಷ್ಟೇ ಕೈಗೆ ಸಿಗುತ್ತಿತ್ತು. ಸಿಕ್ಕರೂ ಅಂಗೈಯಗಲದ ಗಾಜಿನ ಮೇಲೆ ಪಾಠ ನೋಡಬಹುದೇ ಹೊರತು ಒಂದು ಪುಟ ಪ್ರಬಂಧ ಬರೆಯುವುದು, ಒಂದು ಲೆಕ್ಕದ ಕೋಷ್ಟಕ ಹಾಕುವುದು, ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಓಡಿಸುವುದು ಕಷ್ಟ. ನೋಡುವ ಯಂತ್ರಕ್ಕೂ ಮಾಡುವ ಯಂತ್ರಕ್ಕೂ ಇರುವ ಈ ಅಂತರ ಆ ವರ್ಷ ಎದ್ದು ಕಂಡಿತು.

ಅಂತರ ಎಷ್ಟು ದೊಡ್ಡದೆಂಬುದಕ್ಕೆ ಒಂದು ಅಂಕಿ ಸಾಕು. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ಕಂಪ್ಯೂಟರ್ ಇದ್ದದ್ದು ದೇಶದ ನಗರದ ಮನೆಗಳಲ್ಲಿ ಶೇ 23.4ರಷ್ಟರಲ್ಲಿ, ಹಳ್ಳಿಯ ಮನೆಗಳಲ್ಲಿ ಶೇ 4.4ರಷ್ಟರಲ್ಲಿ. ಅಂದರೆ ನೂರು ಮನೆಯ ಹಳ್ಳಿಯಲ್ಲಿ ನಾಲ್ಕೈದು ಮನೆ.

ಟೀವಿಯನ್ನು ‘ಮಾಡುವ’ ಯಂತ್ರವಾಗಿಸುವ ಉಪಾಯ ಹೊಸದಲ್ಲ. 1982ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ‘ಝಡ್‌ಎಕ್ಸ್ ಸ್ಪೆಕ್ಟ್ರಂ’ ಬಿಡುಗಡೆ ಮಾಡಿತು. ಇಡೀ ಕಂಪ್ಯೂಟರು ಒಂದು ಕೀಲಿಮಣೆಯೊಳಗೆ! ಪರದೆಯಾಗಿ ಮನೆಯ ಟೀವಿ, ಕಡತ ಉಳಿಸಲು ಹಾಡು ಕೇಳುವ ಟೇಪ್ ರೆಕಾರ್ಡರು. ಬೆಲೆ 125 ಪೌಂಡಿನಿಂದ ಆರಂಭ. ಅದೇ ಸ್ಪೆಕ್ಟ್ರಮ್ಮನ್ನು ಪುಣೆಯ ಕಂಪನಿಯೊಂದು ‘ಡಿಬಿ ಸ್ಪೆಕ್ಟ್ರಂ’ ಎಂಬ ಹೆಸರಿನಲ್ಲಿ 1980ರ ದಶಕದ ಕೊನೆಯ ಭಾಗದಲ್ಲಿ ಭಾರತದಲ್ಲಿ ಮಾರಿತು. ಅದಕ್ಕೂ ಮೊದಲು 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಸುಮಾರು 250 ಶಾಲೆಗಳಿಗೆ ಕೊಡಲು ಆರಂಭಿಸಿತ್ತು. ಅವೂ ಕೀಲಿಮಣೆ ರೂಪದವೇ.

ಆಮೇಲೆ ಬಂದ ‘ಪಿಸಿ’ ಈ ದಾರಿಯನ್ನು ಮುಚ್ಚಿತು. ಅದು ವ್ಯವಹಾರಕ್ಕೆಂದು ಹುಟ್ಟಿದ ಯಂತ್ರ. ಅದರ ಜೊತೆಗೆ ಒಂದು ಮಡಿಯೂ ಬಂತು. ಕಂಪ್ಯೂಟರ್ ಕೋಣೆಗೆ ಪರದೆ ಬಟ್ಟೆ, ಎಸಿ, ಬಾಗಿಲಲ್ಲಿ ಚಪ್ಪಲಿ ಬಿಡುವ ನಿಯಮ, ಕೆಲಸ ಮುಗಿದ ಮೇಲೆ ಮಾನಿಟರಿಗೆ ಪ್ಲಾಸ್ಟಿಕ್ ಹೊದಿಕೆ. 1990ರ ದಶಕದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೆ ಈ ಮಡಿ ನೆನಪಿರಬೇಕು. ಗುರುವಾರ ಮಧ್ಯಾಹ್ನ ಒಂದು ಗಂಟೆ ಮುಟ್ಟಲು ಸಿಗುತ್ತಿದ್ದ ಯಂತ್ರವದು. ಇಂಥ ದೇವರಕೋಣೆಯ ವಸ್ತುವಿನ ಜೊತೆ ಸಲುಗೆ ಬೆಳೆಯುವುದಾದರೂ ಹೇಗೆ?

ಕರ್ನಾಟಕದಲ್ಲೇ ಈ ಮಡಿ ಮುರಿಯಲು ಹೊರಟದ್ದು ‘ಸಿಂಪ್ಯೂಟರ್’. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ರೂಪಿಸಿದ ಈ ಅಂಗೈ ಗಾತ್ರದ ಯಂತ್ರ 2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಬೆಳಕು ಕಂಡಿತು. ಲಿನಕ್ಸ್ ವ್ಯವಸ್ಥೆ, ಮುಟ್ಟುವ ಪರದೆ, ಸಣ್ಣ ಸೆಲ್ಲುಗಳಿಂದ ಓಡುವ ಗುಣ, ಕನ್ನಡವನ್ನು ಓದಿ ಹೇಳುವ ತಂತ್ರಾಂಶ ಇವೆಲ್ಲ ಆ ಕಾಲಕ್ಕೆ ಬೆರಗಿನವು. ಗುರಿಯಿಟ್ಟಿದ್ದ ಬೆಲೆ ಸುಮಾರು 9,000 ರೂಪಾಯಿ. ಆದರೆ ಅದರ ಕಲ್ಪನೆಯಲ್ಲಿ ಯಂತ್ರ ಊರಿಗೆ ಒಂದು, ಪ್ರತಿಯೊಬ್ಬರ ಕೈಯಲ್ಲಿ ಒಂದು ಸ್ಮಾರ್ಟ್ ಕಾರ್ಡು. ಕಾರ್ಡು ತೂರಿಸಿದವರಿಗೆ ಯಂತ್ರ ಅಷ್ಟು ಹೊತ್ತು ಅವರದು. ಸೈಟ್ ಟೀವಿಯ ಹಾಗೆ ಇದೂ ಹಂಚಿಕೊಳ್ಳುವ ಸಾಮಾನೇ. ಎಣಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲು ಬಂದು ಅದರ ಜಾಗ ತೆಗೆದುಕೊಂಡಿತು. ಹಳ್ಳಿಯವರಿಗೆ ಸ್ವಂತದ್ದು ಬೇಡ, ಹಂಚಿಕೊಂಡರೆ ಸಾಕು ಎಂಬ ನಂಬಿಕೆಯನ್ನು ಮೊಬೈಲೇ ಸುಳ್ಳು ಮಾಡಿತೆನ್ನಬೇಕು.

ಸ್ಪೆಕ್ಟ್ರಮ್ಮಿನ ದಾರಿ ಮತ್ತೆ ತೆರೆದದ್ದು 2012ರಲ್ಲಿ, ಬ್ರಿಟನ್ನಿನ ‘ರಾಸ್‌ಬೆರಿ ಪೈ’ ಬಂದಾಗ. ಒಂದು ಅಂಗೈಯಗಲದ ಹಲಗೆ, ಟೀವಿಗೆ ಜೋಡಿಸಿದರೆ ಕಂಪ್ಯೂಟರು. 2020ರ ನವೆಂಬರ್‌ನಲ್ಲಿ ಅದೇ ಸಂಸ್ಥೆ ‘ಪೈ 400’ ಹೆಸರಿನಲ್ಲಿ ಇಡೀ ಯಂತ್ರವನ್ನು ಕೀಲಿಮಣೆಯೊಳಗೆ ಕೂರಿಸಿ, 1982ರ ಆಕಾರಕ್ಕೇ ಮರಳಿತು. ಕಿಯೋ ಈ ವಂಶದ ಕುಡಿ.

ನಲವತ್ಮೂರು ಡಿಗ್ರಿಯ ಲೆಕ್ಕ

ಪುಟ್ಟ ಕಂಪ್ಯೂಟರ್ ಮಾಡುವುದರಲ್ಲಿ ಗಾತ್ರ ಇಳಿಸುವುದು ಈಗ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಬಿಸಿಯನ್ನು ಹೊರಹಾಕುವುದರಲ್ಲಿ. ಕಂಪ್ಯೂಟರು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಆ ಶಾಖ ಎಷ್ಟು ಬೇಗ ಹೊರಹೋಗುತ್ತದೆ ಎಂಬುದು ಚಿಪ್ಪಿನ ಬಿಸಿಗೂ ಸುತ್ತಲಿನ ಗಾಳಿಯ ಬಿಸಿಗೂ ಇರುವ ವ್ಯತ್ಯಾಸವನ್ನು ಅವಲಂಬಿಸಿದೆ. ಒಲೆಯಿಂದ ಇಳಿಸಿದ ರೊಟ್ಟಿಯ ಹಂಚು ಚಳಿಗಾಲದಲ್ಲಿ ಬೇಗ ಆರುತ್ತದೆ, ಮೇ ತಿಂಗಳಲ್ಲಿ ಆರಲು ತಡ ಮಾಡುತ್ತದೆ. ಲೆಕ್ಕ ಇಷ್ಟೇ.

ಇದನ್ನು ಅಂಕಿಯಲ್ಲಿ ನೋಡೋಣ. ಚಿಪ್ಪು 85 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ ಎಂದಿಟ್ಟುಕೊಳ್ಳಿ. ಎಸಿ ಹಾಕಿದ ಪ್ರಯೋಗಾಲಯದಲ್ಲಿ ಗಾಳಿ 25 ಡಿಗ್ರಿ, ವ್ಯತ್ಯಾಸ 60. ಏಪ್ರಿಲ್-ಮೇನಲ್ಲಿ ಸೇಡಂ, ವಾಡಿಗಳ ಮನೆಯೊಳಗೆ ಗಾಳಿ 43 ಡಿಗ್ರಿ ತಲುಪಿದರೆ ವ್ಯತ್ಯಾಸ 42ಕ್ಕೆ ಇಳಿಯಿತು. ಅದೇ ಪೆಟ್ಟಿಗೆ ಈಗ ಹೊರಹಾಕಬಲ್ಲ ಶಾಖ ಶೇ 30ರಷ್ಟು ಕಡಿಮೆ. ಪ್ರಯೋಗಾಲಯದಲ್ಲಿ 15 ವಾಟ್‌ಗೆ ಸರಿಯಾಗಿ ಹೊಂದಿದ ಪೆಟ್ಟಿಗೆ ಇಲ್ಲಿ ಹತ್ತೂವರೆ ವಾಟ್‌ಗೆ ಮಾತ್ರ ಸಾಕಾಗುತ್ತದೆ. ಅದನ್ನು ಮೀರಿದರೆ ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಬೆಂಗಳೂರಿನ ವೇದಿಕೆಯಲ್ಲಿ ಚುರುಕಾಗಿ ಓಡಿದ ಯಂತ್ರ ಇಲ್ಲಿ ತೂಕಡಿಸಿದರೆ ಯಂತ್ರದ ತಪ್ಪೆನ್ನಲಾಗದು, ವಿನ್ಯಾಸಕಾರ ಯಾವ ಊರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂಬುದೇ ಪ್ರಶ್ನೆ.

ಕಲ್ಲಿನ ಮಾಳಿಗೆಯ ಮನೆಗಳಲ್ಲಿ ಇನ್ನೊಂದು ಸಂಗತಿಯಿದೆ. ದಪ್ಪ ಚಪ್ಪಡಿ ಹಗಲೆಲ್ಲ ಬಿಸಿಲನ್ನು ಕುಡಿದು ಕತ್ತಲಾದ ಮೇಲೆ ಒಳಕ್ಕೆ ಉಗುಳುತ್ತದೆ. ಹಾಗಾಗಿ ಮಕ್ಕಳು ಓದಲು ಕೂರುವ ಏಳರಿಂದ ಒಂಬತ್ತು ಗಂಟೆಯ ಹೊತ್ತಿಗೆ ಹೊರಗೆ ಗಾಳಿ ತಣ್ಣಗಾಗಿದ್ದರೂ ಪಡಸಾಲೆ ಕಾವಾಗಿಯೇ ಇರುತ್ತದೆ.

ಹಾಗಾದರೆ ಫ್ಯಾನು ಹಾಕಿದರಾಯಿತಲ್ಲ ಎನ್ನಬಹುದು. ಫ್ಯಾನು ಗಾಳಿಯ ಜೊತೆಗೆ ದೂಳನ್ನೂ ಎಳೆಯುತ್ತದೆ. ಈ ಐದು ಊರುಗಳ ದೂಳು ಸಾಮಾನ್ಯದ್ದಲ್ಲ. ಕಲ್ಲು ಕೊಯ್ಯುವ, ಪಾಲಿಷ್ ಮಾಡುವ ಘಟಕಗಳ ಬಿಳಿ ಪುಡಿ, ಸಿಮೆಂಟು ಸಾಗಿಸುವ ಲಾರಿಗಳ ಹಿಂದೆ ಏಳುವ ಬೂದು ಪುಡಿ, ರಾಶಿಯ ಕಾಲದಲ್ಲಿ ತೊಗರಿ ಹೊಟ್ಟು. ಮಳೆಗಾಲದ ತೇವ ಸೇರಿದರೆ ಇದು ಫ್ಯಾನಿನ ರೆಕ್ಕೆಗೆ, ಕಿಂಡಿಗಳಿಗೆ ಹಕ್ಕಳೆಯಾಗಿ ಅಂಟಿಕೊಳ್ಳುತ್ತದೆ. ಶಹಾಬಾದಿನಲ್ಲಿ ಡೆಸ್ಕ್‌ಟಾಪ್ ಡಬ್ಬಿ ಬಿಚ್ಚಿ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆದ್ದರಿಂದ ಇಲ್ಲಿಗೆ ಒಪ್ಪುವುದು ಫ್ಯಾನಿಲ್ಲದ, ಕಿಂಡಿ ಕಡಿಮೆಯಿರುವ, ಮೈಯೇ ಶಾಖ ಹೊರಹಾಕುವ ಅಲ್ಯೂಮಿನಿಯಂ ಪೆಟ್ಟಿಗೆ. ಮೇಲ್ಮೈಗೆ ಏಣುಗಳಿದ್ದರೆ ಶಾಖ ಬೇಗ ಹೋಗುತ್ತದೆ. ಆದರೆ ಆ ಏಣುಗಳ ನಡುವೆ ಒರೆಸುವ ಬಟ್ಟೆ ಹೋಗುವಷ್ಟು ಜಾಗ ಇರಬೇಕು, ಯಾಕೆಂದರೆ ದಿನ ಬೆಳಗಾದರೆ ದೂಳು ಒರೆಸುವ ಮನೆಗಳಿವು.

ಇದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಈಗ ಉತ್ತರ ಹುಡುಕಬಹುದು. ನೆಲದ ಪರಸಿ ತಂಪಾಗಿರುತ್ತದೆ, ಲೋಹದ ಪೆಟ್ಟಿಗೆಗೆ ಅದು ಒಳ್ಳೆಯ ಒಡನಾಡಿ. ಆದರೆ ನೆಲ ಸಾರಿಸುವ ನೀರು, ಮಗುವಿನ ಕಾಲು, ಇಲಿ! ಗೋಡೆಯ ಮಾಡ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಮೂರು ಕಡೆ ಮುಚ್ಚಿದ ಮಾಡದಲ್ಲಿ ಬಿಸಿಗಾಳಿ ನಿಂತುಬಿಡುತ್ತದೆ. ಅಲಮಾರಿಯ ಮೇಲೆ ಮಾಳಿಗೆಯ ಕಾವು. ಉಳಿದದ್ದು ಟೀವಿಯ ಬೆನ್ನು. ಟೀವಿ, ಮಾನಿಟರುಗಳ ಹಿಂಬದಿಯಲ್ಲಿ ಗೋಡೆಗೆ ತೂಗುಹಾಕಲೆಂದು ಅಳತೆ ಗೊತ್ತುಪಡಿಸಿದ ನಾಲ್ಕು ತಿರುಪಿನ ತೂತುಗಳಿರುತ್ತವೆ. ಸಣ್ಣ ಮಾನಿಟರುಗಳಲ್ಲಿ ಅವುಗಳ ನಡುವಿನ ಅಂತರ ಸಾಮಾನ್ಯವಾಗಿ 75 ಅಥವಾ 100 ಮಿಲಿಮೀಟರ್. ಪೆಟ್ಟಿಗೆಯ ಅಡಿಯಲ್ಲೂ ಅದೇ ಅಳತೆಯ ತೂತು ಕೊಟ್ಟರೆ ಅದು ಮಾನಿಟರಿನ ಬೆನ್ನಿಗೇ ಕೂರುತ್ತದೆ. ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು ಇಂಚು ಬಿಟ್ಟರೆ ಬಿಸಿಗಾಳಿ ಮೇಲಕ್ಕೆ ಹರಿದು ಹೋಗುತ್ತದೆ. ನಾಲ್ಕು ತೂತುಗಳಿಗೆ ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ. ಒಂದು ಮನೆಯಲ್ಲಿ ಮೇಜು ಬೇಕೇ ಬೇಡವೇ ಎಂಬುದನ್ನು ಅವು ತೀರ್ಮಾನಿಸುತ್ತವೆ.

ಕರೆಂಟಿನ ಮಾತು ಸ್ವಲ್ಪ. ಹಳೆಯ ಡೆಸ್ಕ್‌ಟಾಪ್ ಮತ್ತು ಗಾಜಿನ ಕೊಳವೆಯ ಮಾನಿಟರು ಸೇರಿ ಇನ್ನೂರು ವಾಟ್ ಎಳೆಯುತ್ತಿದ್ದವು. 15 ವಾಟ್‌ನ ಪೆಟ್ಟಿಗೆ ಹಾಗೂ 30 ವಾಟ್‌ನ ಪರದೆ ಸೇರಿದರೆ 45 ವಾಟ್. ದಿನಕ್ಕೆ ನಾಲ್ಕು ಗಂಟೆ ಬಳಸಿದರೂ ತಿಂಗಳಿಗೆ ಐದೂವರೆ ಯೂನಿಟ್ ದಾಟುವುದಿಲ್ಲ. ಮನೆಯ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯ ಅರ್ಧ ಶಕ್ತಿಯಲ್ಲೇ ಇದು ಲೆಕ್ಕದ ಪ್ರಕಾರ ಇಪ್ಪತ್ತು ಗಂಟೆ ಓಡುತ್ತದೆ. ಇನ್ವರ್ಟರಿನಲ್ಲಿ ನಷ್ಟವಾಗುವುದನ್ನು ಕಳೆದರೂ ಒಂದು ದಿನದ ಓದಿಗೆ ಧಾರಾಳ. ಇನ್ವರ್ಟರು ಇಲ್ಲದ ಮನೆಯ ಪಾಡು ಬೇರೆ. ಲ್ಯಾಪ್‌ಟಾಪಿಗೆ ಹೊಟ್ಟೆಯಲ್ಲೇ ಬ್ಯಾಟರಿಯಿದೆ, ಪೆಟ್ಟಿಗೆ ರೂಪದ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕರೆಂಟು ಫಕ್ಕನೆ ಹೋದಾಗ ಬರೆಯುತ್ತಿದ್ದ ಕಡತ ಕೆಡುತ್ತದೆ, ಕೆಲವೊಮ್ಮೆ ಇಡೀ ಕಾರ್ಯಾಚರಣೆ ವ್ಯವಸ್ಥೆಯೇ ಕೆಡುತ್ತದೆ. ಹತ್ತು ನಿಮಿಷ ತಾಳಿಕೊಂಡು ಯಂತ್ರ ತಾನಾಗಿ ಮಲಗುವಷ್ಟು ಶಕ್ತಿಯ ಒಂದು ಸಣ್ಣ ಬ್ಯಾಟರಿ ಸೇರಿಸುವವರೆಗೆ ಇಂಥ ಪೆಟ್ಟಿಗೆ ಈ ಭಾಗಕ್ಕೆ ಅರ್ಧ ತಯಾರಾದ ಸಾಮಾನೆಂದೇ ಹೇಳಬೇಕು.

ಅದು ಹಾಗಿರಲಿ. ಕಿಯೋದಲ್ಲಿರುವ ರಿಸ್ಕ್-ಫೈವ್ ಎಂದರೇನು? ಯಾವುದೇ ಪ್ರೊಸೆಸರಿಗೆ ಕೂಡು, ಕಳೆ, ಹೋಲಿಸು, ನೆನಪಿನಲ್ಲಿಡು ಎಂಬಂಥ ಆಜ್ಞೆಗಳ ಒಂದು ಪಟ್ಟಿ ಇರುತ್ತದೆ. ಇಂಟೆಲ್, ಆರ್ಮ್ ಪಟ್ಟಿಗಳಿಗೆ ಒಡೆಯರಿದ್ದಾರೆ, ಬಳಸಲು ಅವರ ಅನುಮತಿ ಬೇಕು. ರಿಸ್ಕ್-ಫೈವ್ ಪಟ್ಟಿ 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅದನ್ನು ಯಾರು ಬೇಕಾದರೂ ಬಳಸಬಹುದು. ಪರಸಿ ಕೊಯ್ಯುವವರು ಅಡಿ-ಇಂಚುಗಳ ಅಳತೆಗೆ ಯಾರಿಗೂ ತೆರಿಗೆ ಕಟ್ಟುವುದಿಲ್ಲವಲ್ಲ, ಹಾಗೆ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರುಗಳೂ ಈ ಪಟ್ಟಿಯವೇ. ಇದರಿಂದ ನಾಳೆ ಬೆಲೆ ಇಳಿಯಬಹುದು. ಇವತ್ತಿನ ತೊಡಕೆಂದರೆ ಇಂಟೆಲ್ ಯಂತ್ರಗಳಿಗೆಂದು ಬರೆದ ತಂತ್ರಾಂಶವನ್ನು ಇದರ ಮೇಲೆ ನೇರವಾಗಿ ಓಡಿಸಲಾಗದು. ತಹಶೀಲ್ ಕಚೇರಿಯ ಬದಿಯ ಝೆರಾಕ್ಸ್ ಅಂಗಡಿಯವನು ಪೆನ್‌ಡ್ರೈವಿನಲ್ಲಿ ಕೊಟ್ಟ ವಿಂಡೋಸ್ ತಂತ್ರಾಂಶ ಇಲ್ಲಿ ತೆರೆದುಕೊಳ್ಳುವುದಿಲ್ಲ.

ಒತ್ತಕ್ಷರಕ್ಕೆ ಜಾಗ

ಟೀವಿಯನ್ನೇ ಪರದೆಯಾಗಿ ಬಳಸಿದರೆ ಹಣ ಉಳಿಯಿತು ಎಂಬ ವಾದದಲ್ಲಿ ಕನ್ನಡಕ್ಕೆ ಒಂದು ತೊಂದರೆಯಿದೆ. ಅಗ್ಗದ 32 ಇಂಚಿನ ಟೀವಿಗಳಲ್ಲಿ ಅನೇಕವು ಮೇಲಿಂದ ಕೆಳಗೆ 768 ಗೆರೆಗಳಷ್ಟೇ ತೋರಿಸುತ್ತವೆ. ಸಿನಿಮಾಕ್ಕೆ ಅದು ಸಾಕು. ಅಕ್ಷರಕ್ಕೆ, ಅದರಲ್ಲೂ ಕನ್ನಡದ ಅಕ್ಷರಕ್ಕೆ ಸಾಲದು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ಕನ್ನಡದವು ಒಂದರ ಕೆಳಗೆ ಒಂದು ಇಳಿಯುತ್ತವೆ. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ ಬರೆದು ನೋಡಿ. ಮೇಲೆ ಗುಣಿತ, ಕೆಳಗೆ ಎರಡೆರಡು ಒತ್ತು. ಒಂದು ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. ಗೆರೆಗಳು ಕಡಿಮೆಯಿದ್ದರೆ ಒತ್ತಕ್ಷರ ಕಲಸಿಹೋಗುತ್ತದೆ ಅಥವಾ ಅಕ್ಷರ ದೊಡ್ಡದು ಮಾಡಿ ಪುಟಕ್ಕೆ ಹತ್ತೇ ಸಾಲು ಓದಬೇಕಾಗುತ್ತದೆ. 1080 ಗೆರೆಗಳ 20-22 ಇಂಚಿನ ಮಾನಿಟರು ಇದ್ದರೆ ಓದು ಹಗುರ. ಮೇಲಾಗಿ ಪಡಸಾಲೆಯ ಟೀವಿಗೆ ಸಂಜೆ ಏಳರಿಂದ ಒಂಬತ್ತರವರೆಗೆ ಬೇರೆ ಒಡೆಯರಿದ್ದಾರೆ. ಧಾರಾವಾಹಿಯನ್ನು ನಿಲ್ಲಿಸಿ ಮಗಳಿಗೆ ಪರದೆ ಬಿಟ್ಟುಕೊಡುವ ಮನೆಗಳು ಇಲ್ಲವೆಂದಲ್ಲ. ಆದರೆ ವಿನ್ಯಾಸಕಾರ ಅಂಥ ಮನೆಯನ್ನೇ ನಂಬಿ ಕೂರುವಂತಿಲ್ಲ.

ಕೀಲಿಮಣೆಯ ವಿಷಯದಲ್ಲಿ ಕೆಲಸ ಅರ್ಧ ಮುಗಿದೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ಉಚ್ಚಾರಣೆಯನ್ನು ಅನುಸರಿಸುವ ಕೀಲಿ ವಿನ್ಯಾಸ ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಹಬ್ಬಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದು ಕರೆಯಲಾಗುವ ಈ ವಿನ್ಯಾಸ ಲಿನಕ್ಸ್ ವ್ಯವಸ್ಥೆಯಲ್ಲಿ ಮೊದಲಿನಿಂದ ಅಡಕವಾಗಿ ಬರುತ್ತದೆ, ಬೇರೆ ತಂತ್ರಾಂಶ ಹಾಕಬೇಕಿಲ್ಲ. ಉಳಿದರ್ಧ ಬಹಳ ಸರಳವಾದದ್ದು. ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಬೇಕು. ‘ಕೆ’ ಒತ್ತಿದರೆ ‘ಕ’ ಎಂಬುದು ಇಂಗ್ಲಿಷ್ ಗೊತ್ತಿದ್ದವರಿಗೆ ಸುಲಭ. ಮೂರನೇ ತರಗತಿಯ ಮಗುವಿಗೂ, ಕನ್ನಡ ಮಾತ್ರ ಓದಬಲ್ಲ ತಾಯಿಗೂ ಕಣ್ಣಿಗೆ ಕಾಣುವ ಅಕ್ಷರವೇ ದಾರಿ. ಇಲ್ಲಿನ ಮನೆಗಳಿಗೆ ಒಂದೇ ಭಾಷೆಯೂ ಅಲ್ಲ. ಶಹಾಬಾದ್, ಚಿತ್ತಾಪುರಗಳಲ್ಲಿ ಉರ್ದು, ತೆಲಂಗಾಣದ ಅಂಚಿನ ಸೇಡಂ, ಚಿಂಚೋಳಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಬಲದಿಂದ ಎಡಕ್ಕೆ ಬರೆಯುವ ಲಿಪಿ ಮತ್ತು ಎಡದಿಂದ ಬಲಕ್ಕೆ ಬರೆಯುವ ಲಿಪಿ ಒಂದೇ ಯಂತ್ರದಲ್ಲಿ, ಒಂದೇ ಬೆರಳಿನ ಒತ್ತಿನಲ್ಲಿ ಬದಲಾಗಬೇಕು.

ಮಳಖೇಡ ಇದೇ ಸೇಡಂ ತಾಲ್ಲೂಕಿನಲ್ಲಿದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದೂ, ‘ಕವಿರಾಜಮಾರ್ಗ’ ಹುಟ್ಟಿದ್ದೂ ಆ ಕಾಲದಲ್ಲೇ. ಗಣಿತವೂ ಕನ್ನಡವೂ ಒಂದೇ ಅರಮನೆಯ ನೆರಳಲ್ಲಿ ಬೆಳೆದ ಊರು. ಅಂಥ ಜಿಲ್ಲೆ 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಕಂಪ್ಯೂಟರು ಬಂದರೆ ಈ ಅಂಕಿ ಮೇಲೇಳುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಶಿಕ್ಷಕರ ಖಾಲಿ ಹುದ್ದೆಯನ್ನು ಡಬ್ಬಿ ತುಂಬಲಾರದು. ಆದರೆ ಫಲಿತಾಂಶ ಬಂದ ಮೇಲೆ ಉಳಿಯುವ ಪ್ರಶ್ನೆಯೊಂದಿದೆ. ಪಾಸಾದ ಹುಡುಗಿ ಪಿಯುಸಿ, ಡಿಪ್ಲೊಮಾಕ್ಕೆ ಹೋದಾಗ ಜೀವನದಲ್ಲಿ ಮೊದಲ ಬಾರಿಗೆ ಕೀಲಿಮಣೆ ಮುಟ್ಟುತ್ತಾಳೆ. ಪಕ್ಕದ ಬೆಂಚಿನಲ್ಲಿ ಹತ್ತು ವರ್ಷದಿಂದ ಮನೆಯಲ್ಲಿ ಕಂಪ್ಯೂಟರ್ ಇದ್ದವಳು ಕೂತಿರುತ್ತಾಳೆ.

ಚಿಂಚೋಳಿ ಕಡೆಯ ಕಾಡು, ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ನಂಬಿ ಕೂರುವಂತಿಲ್ಲ. ಆ ದೃಷ್ಟಿಯಿಂದ ಕಿಯೋದಲ್ಲಿ ಪಠ್ಯ, ಬೋಧನಾ ಸಹಾಯಕ ಎರಡನ್ನೂ ಯಂತ್ರದೊಳಗೇ ಇಟ್ಟಿರುವ ಆಲೋಚನೆ ಸರಿಯಾದದ್ದು. ಇಡೀ ಕನ್ನಡ ವಿಕಿಪೀಡಿಯವನ್ನು ಇಂಟರ್‌ನೆಟ್ಟಿಲ್ಲದೆ ಓದುವಂತೆ ಮಾಡುವ ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶವೂ ಇದೆ. ಅದರ ಕಡತ ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ.

ಉಳಿದದ್ದು ದುಡ್ಡಿನ ಮಾತು. 18,999 ರೂಪಾಯಿ ಬೆಂಗಳೂರಿನಲ್ಲಿ ಒಂದು ಸಾಧಾರಣ ಮೊಬೈಲಿನ ಬೆಲೆ. ಈ ಭಾಗದಲ್ಲಿ ಅದನ್ನು ಬೇರೆ ತಕ್ಕಡಿಯಲ್ಲಿ ತೂಗಬೇಕು. 2025-26ರ ಬೆಂಬಲ ಬೆಲೆಯಂತೆ ತೊಗರಿ ಕ್ವಿಂಟಲಿಗೆ 8,000 ರೂಪಾಯಿ. ಪೆಟ್ಟಿಗೆಗೆ ಎರಡು ಕ್ವಿಂಟಲ್ ಮೂವತ್ತೇಳು ಕೆ.ಜಿ. ತೊಗರಿ ಸುರಿಯಬೇಕು. ಅದೇ ವರ್ಷದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಪೆಟ್ಟಿಗೆಗೆ ಐವತ್ತೊಂದು ದಿನದ ಕೂಲಿಯೂ ಸಾಲದು. ಮಾನಿಟರು, ಕೀಲಿಮಣೆ, ಒಂದು ಸಣ್ಣ ಬ್ಯಾಟರಿಯ ಲೆಕ್ಕ ಬೇರೆ.

ಇಷ್ಟು ಕೊಟ್ಟು ತಂದ ಸಾಮಾನು ಎರಡು ವರ್ಷಕ್ಕೆ ಮೂಲೆ ಸೇರಬಾರದೆಂದರೆ ರಿಪೇರಿ ಹತ್ತಿರದಲ್ಲಿರಬೇಕು. ಲ್ಯಾಪ್‌ಟಾಪಿನ ಒಂದು ಕೀಲಿ ಕೆಟ್ಟರೂ ಇಡೀ ಯಂತ್ರ ಅಂಗಡಿಗೆ ಹೋಗುತ್ತದೆ. ಪೆಟ್ಟಿಗೆ ಮಾದರಿಯಲ್ಲಿ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು, ಅದೇ ಅದರ ದೊಡ್ಡ ಗುಣ. ಆದರೆ ಅದಕ್ಕೆ ಕರೆಂಟು ಕೊಡುವ ಅಡಾಪ್ಟರು ವಾಡಿ ಜಂಕ್ಷನ್ನಿನ ಮೊಬೈಲ್ ಅಂಗಡಿಯಲ್ಲೂ ಸಿಗುವ ಜಾತಿಯದಾಗಿರಬೇಕು. ಪೆಟ್ಟಿಗೆಯನ್ನು ಸಾಮಾನ್ಯ ತಿರುಪುಳಿಯಿಂದ ಬಿಚ್ಚಲು ಬರಬೇಕು. ಒಳಗಿನ ಸಂಗ್ರಹ ಚಿಪ್ಪು ಬೆಸುಗೆಯಿಲ್ಲದೆ ಕಳಚಿ ಹಾಕುವಂತಿರಬೇಕು. ಇಲ್ಲವಾದರೆ ಚಿಂಚೋಳಿಯಿಂದ ಸುಮಾರು 80 ಕಿ.ಮೀ. ದೂರದ ಕಲಬುರಗಿಗೆ, ಅಲ್ಲಿನ ಸೂಪರ್ ಮಾರ್ಕೆಟ್ಟಿನ ಅಂಗಡಿಗಳಿಗೆ ಹೊತ್ತೊಯ್ಯಬೇಕು. 2023ರಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಂತೆ ತಾಯಿ ಹೋದರೆ ಸರ್ಕಾರಿ ಬಸ್ಸಿಗೆ ಟಿಕೆಟ್ಟಿಲ್ಲ, ಆ ದಿನದ ಕೂಲಿ ಮಾತ್ರ ಹೋಗುತ್ತದೆ.